ಸಹಾಯ ಬೇಕು: ನಮ್ಮ ಬೀದಿಗೆ ಹಂಪ್ ಹಾಕಿಸೋದು ಹೇಗೆ?

ನಮಸ್ಕಾರ. ದಾವಣಗೆರೆ ವಿದ್ಯಾನಗರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಹೋದ ವರ್ಷ ಕಾಂಕ್ರೀಟ್ ರಸ್ತೆ ಆಯಿತು, ಎಲ್ಲರೂ ಖುಷಿಪಟ್ಟೆವು. ಈಗ ಗುಂಡಿಗಳೇ ವಾಸಿಯಿತ್ತು ಅನ್ನಿಸುತ್ತಿದೆ! ಮೇನ್ ರೋಡಿನ ರಶ್ ತಪ್ಪಿಸಲು ಬೈಕು, ಆಟೋ, ಟಿಪ್ಪರ್ ಎಲ್ಲಾ ಇಲ್ಲೇ ನುಗ್ಗುತ್ತವೆ.

ಮೊನ್ನೆ ಸಂಜೆ ಪಕ್ಕದ ಮನೆ ಅಜ್ಜಿ ಮಂಡಕ್ಕಿ ತರುತ್ತಿದ್ದರು. ಬೈಕಿನ ಹ್ಯಾಂಡಲ್ ಚೀಲಕ್ಕೆ ಸಿಕ್ಕಿಕೊಂಡಿತು. ಪುಣ್ಯಕ್ಕೆ ಅಜ್ಜಿ ಬೀಳಲಿಲ್ಲ, ಕರೆಂಟ್ ಕಂಬ ಹಿಡಿದು ನಿಂತುಬಿಟ್ಟರು. ರಸ್ತೆ ತುಂಬಾ ಮಂಡಕ್ಕಿ. ಓಡಿಸುತ್ತಿದ್ದ ಹುಡುಗನಿಗೆ ಮೀಸೆಯೂ ಮೂಡಿರಲಿಲ್ಲ. (18 ತುಂಬದವರು ಹೀಗೆ ಸಿಕ್ಕಿಬಿದ್ದರೆ ಅಪ್ಪ-ಅಮ್ಮನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರಲ್ಲೇ ಕಾನೂನು ತಿದ್ದಿದ್ದಾರೆ. ಯಾರಿಗೆ ನೆನಪಿದೆ?)

ನಾವೇ ಸಿಮೆಂಟ್ ತಂದು ಹಂಪ್ ಕಟ್ಟಿಬಿಡೋಣ ಅಂತ ಬೀದಿಯ ಕೆಲವರು ಹೇಳುತ್ತಿದ್ದಾರೆ. ನನಗೆ ಅದು ಬೇಡ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಮೇಲೆ ಪಟ್ಟಿ ಬಳಿಯಬೇಕು, ಮುಂಚೆಯೇ ಬೋರ್ಡ್ ಇರಬೇಕು. ಸುಮ್ನೆ ಚೂಪಾಗಿ ದಿಂಡು ಕಟ್ಟಿದರೆ ರಾತ್ರಿ ಬಿದ್ದವರ ಪಾಪ ನಮಗೇ ಅಲ್ವಾ?

ಒಂದು ಕಚೇರಿಗೆ ಹೋದರೆ ಇನ್ನೊಂದನ್ನು ತೋರಿಸುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಅರ್ಜಿ ಪಾಲಿಕೆಗೋ, ಟ್ರಾಫಿಕ್ ಪೊಲೀಸರಿಗೋ, ಇಬ್ಬರಿಗೂ ಕೊಡಬೇಕೋ? ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ಇಂಥ ಕೆಲಸ ಆದವರು ಇಲ್ಲಿ ಇದ್ದೀರಾ? ನಿಮ್ಮ ಬೀದಿಗೆ ಕೊಟ್ಟ ಅರ್ಜಿಯ ಫೋಟೋ ಇದ್ದರೆ ದಯವಿಟ್ಟು ಹಾಕಿ. ಭಾನುವಾರ ಮನೆಮನೆಗೆ ಹೋಗಿ ಸಹಿ ತೆಗೆದುಕೊಳ್ಳಬೇಕು.