ಸಹಾಯ ಬೇಕು: ಬ್ರೈನ್ ಟ್ಯೂಮರ್ ಆದವರೇ ನಡೆಸುವ ಸಂಘಕ್ಕೆ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಬ್ರೈನ್ ಟ್ಯೂಮರ್ ಆದವರಿಗೆ, ಅವರ ಮನೆಯವರಿಗೆ ಒಂದು ಸಣ್ಣ ಸಂಘ ಕಟ್ಟುತ್ತಿದ್ದೇವೆ. ನನಗೂ ಮೆನಿಂಜಿಯೋಮಾ (ಮಿದುಳಿನ ಹೊರಪೊರೆಯಲ್ಲಿ ಬೆಳೆಯುವ ಗಡ್ಡೆ) ಆಪರೇಷನ್ ಆಗಿದೆ. ನಮ್ಮದು ಒಂದೇ ಹಠ: ಸಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ ಕಾಯಿಲೆ ಕಂಡವರೇ ಇರಬೇಕು. ವೇದಿಕೆ ಮೇಲೆ ಕೂರಿಸಿ, ಶಾಲು ಹೊದಿಸಿ, ಕಥೆ ಹೇಳಿಸಿ ಕಳಿಸಿದರೆ ಸಾಲದು, ಅಲ್ವಾ? ದುಡ್ಡು ಎಲ್ಲಿಗೆ ಹೋಗಬೇಕು ಅಂತ ಹೇಳುವ ಹಕ್ಕೂ ಬೇಕು.

ಕೆಲವು ವಿಷಯ ಅನುಭವಿಸಿದವರಿಗೇ ಹೊಳೆಯುವುದು. ಫಿಟ್ಸ್ ಬರುವವರು ಗಾಡಿ ಓಡಿಸುವಂತಿಲ್ಲ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬಸ್ ಸ್ಟಾಪಿಗೇ ಜೀಪು ಬೇಕು. ರೇಡಿಯೇಷನ್ ಅಂದರೆ ವಾರಗಟ್ಟಲೆ ಮೈಸೂರಲ್ಲೋ ಬೆಂಗಳೂರಲ್ಲೋ ರೂಮ್ ಮಾಡಿಕೊಂಡು ಇರಬೇಕು. ಕಾಫಿ ಕೊಯ್ಲಿನ ಹೊತ್ತಲ್ಲಿ ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ. ಸ್ಟಿರಾಯ್ಡ್ ಮಾತ್ರೆ ನುಂಗುವವರಿಗೆ ಎಷ್ಟೋ ಸಲ ರಾತ್ರಿ ನಿದ್ದೆ ಬರುವುದಿಲ್ಲ, ಮುಖ ಊದುತ್ತದೆ, ಶುಗರ್ ಏರುತ್ತದೆ. ಅವರನ್ನು ಬೆಳಿಗ್ಗೆ ಎಂಟಕ್ಕೇ ಮೀಟಿಂಗಿಗೆ ಬನ್ನಿ ಅಂದರೆ ಹೇಗೆ? ಪದ ಸಿಗದೆ ತಡವರಿಸುವವರಿಗೆ ಚರ್ಚೆಯ ವಿಷಯ ಮೊದಲೇ ಬರೆದು ಕಳಿಸಬೇಕು, ಮಾತು ಮುಗಿಸುವ ತನಕ ಕಾಯಬೇಕು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಗೊತ್ತಿರುವ ವಕೀಲರು ಯಾರಾದರೂ ಇದ್ದರೆ, ಇದೆಲ್ಲ ಸಂಘದ ಬೈಲಾದಲ್ಲೇ (ನಿಯಮಾವಳಿಯಲ್ಲೇ) ಸೇರುವ ಹಾಗೆ ಬರೆದುಕೊಡಿ. ಸಮಿತಿಗೆ ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಬೇಕು. ಕೊಡವ ತಕ್ಕ್, ಅರೆಭಾಷೆ ಮಾತಾಡುವವರು ಇದ್ದರೆ ಇನ್ನೂ ಒಳ್ಳೆಯದು. ಓದು ಬರಹ ಬಾರದಿದ್ದರೂ ಪರವಾಗಿಲ್ಲ. ಬಸ್ ಚಾರ್ಜು, ಆ ದಿನದ ಕೂಲಿ ಸಂಘವೇ ಕೊಡುತ್ತದೆ. ಔಷಧಿ ಬಗ್ಗೆ ಮಾತ್ರ ನಾವು ಸಲಹೆ ಕೊಡುವುದಿಲ್ಲ, ಅದು ಡಾಕ್ಟರ ಕೆಲಸ.

ದಯವಿಟ್ಟು ಇನ್‌ಬಾಕ್ಸಿಗೆ ಮೆಸೇಜ್ ಮಾಡಿ. ಹೆಸರು ಹೊರಗೆ ಬರಬಾರದು ಅಂದರೆ ಬರುವುದಿಲ್ಲ.