ಮನೆಗೆ ಕೇರ್‌ಟೇಕರ್ ಇಟ್ಟುಕೊಂಡವರು ಅನುಭವ ಹೇಳಿ: ಏಜೆನ್ಸಿಯವರನ್ನು ಏನು ಕೇಳಬೇಕು?

ಕಿರಿಮಗ
ಅಪ್ಪನಿಗೆ ಸ್ಟ್ರೋಕ್ ಆಗಿದೆ. ಬಲಗಡೆ ಕೈಕಾಲು ಆಡ್ತಿಲ್ಲ. ಊಟ ಕೊಡೋಕೆ ಮೂಗಿನಲ್ಲಿ ಟ್ಯೂಬ್ ಇದೆ, ಮೂತ್ರಕ್ಕೆ ಕ್ಯಾಥೆಟರ್ ಇದೆ, ಜೊತೆಗೆ ಹಳೇ ಶುಗರ್. ಮುಂದಿನ ವಾರ ಡಿಸ್ಚಾರ್ಜ್ ಅಂದಿದ್ದಾರೆ. ಎರಡು ಏಜೆನ್ಸಿ ನೋಡಿ ಬಂದೆ. ಒಬ್ಬರು ಫ್ರೇಮ್ ಹಾಕಿದ ಸರ್ಟಿಫಿಕೇಟ್ ತೋರಿಸಿದರು. ಇನ್ನೊಬ್ಬರು ರೇಟು ಕಡಿಮೆ ಅಂದರು, ಅಷ್ಟೇ. ನನಗೆ ಗೊತ್ತಾಗಬೇಕಿರೋದು ಎರಡು. 24 ಗಂಟೆಗೂ ಒಬ್ಬರೇ ಸಾಕಾ, ಹಗಲು ರಾತ್ರಿಗೆ ಬೇರೆ ಬೇರೆ ಬೇಕಾ? ಟ್ಯೂಬ್ ಇರುವವರಿಗೆ ನರ್ಸೇ ಆಗಬೇಕಾ?

ದೊಡ್ಡಮಗಳು
ಸರ್ಟಿಫಿಕೇಟ್ ವಿಷಯ ನನ್ನ ಹತ್ತಿರ ಕೇಳಿ. ನಮ್ಮ ಏಜೆನ್ಸಿಗೂ ಇತ್ತು. ದಪ್ಪ ಫೈಲೇ ಇತ್ತು. ಅಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಬಂದ ಹುಡುಗಿ ಮಾತೂ ಚೆನ್ನಾಗಿತ್ತು, ಕೆಲಸವೂ ಚುರುಕು. ಸ್ವಲ್ಪ ದಿನಕ್ಕೆ ಬೆನ್ನಿನ ಕೆಳಗಡೆ, ಬಾಲದ ಮೂಳೆ ಹತ್ತಿರ, ಕೆಂಪು ಕಂಡಿತು. ಬೆರಳಿಂದ ಒತ್ತಿ ನೋಡಿದೆ. ಒತ್ತಿದರೂ ಬಿಳಿಚಲಿಲ್ಲ. ಬೆಡ್‌ಸೋರು, ಅಂದರೆ ಒಂದೇ ಕಡೆ ಮಲಗಿ ಆಗೋ ಹುಣ್ಣು, ಅದರ ಮೊದಲನೇ ಹಂತ ಅಂದರೆ ಅದೇ. ಆ ಹುಡುಗಿ ಅದರ ಮೇಲೆ ಪೌಡರ್ ಹಾಕಿ ದಿನಾ ತಿಕ್ಕುತ್ತಿದ್ದಳು! ಕೆಂಪಾದ ಜಾಗ ತಿಕ್ಕಿದರೆ ಒಳಗಿನ ಮಾಂಸ ಇನ್ನೂ ಹಾಳಾಗುತ್ತೆ. ಮಧ್ಯೆ ತೂತಿರುವ ಉಂಗುರದ ದಿಂಬು ಬೇರೆ ಕಳಿಸಿದರು, ಅದಕ್ಕೆ ಬೇರೆ ಬಿಲ್ಲು. ಆ ದಿಂಬು ಸುತ್ತ ರಕ್ತ ಓಡಾಡೋದನ್ನೇ ತಡೆಯುತ್ತೆ ಅಂತ ಆಮೇಲೆ ಡ್ರೆಸಿಂಗಿಗೆ ಬಂದ ಡಾಕ್ಟರು ಎತ್ತಿ ಬಿಸಾಕಿಸಿದರು.

ಖರ್ಚು ಶುರುವಾಗಿದ್ದು ಅಲ್ಲಿಂದ. ಒಂದು ಫೋಮ್ ಡ್ರೆಸಿಂಗಿಗೆ ಅಟೆಂಡರಿನ ಒಂದು ದಿನದ ಸಂಬಳ. ಬೇಧಿಯಾದರೆ ಅದು ಒದ್ದೆ, ಮತ್ತೆ ಹೊಸದು. ಕೊಳೆತ ಮಾಂಸ ಕತ್ತರಿಸಿ ತೆಗೆಯೋಕೆ ಬೇರೆ ಫೀಸು. ಪ್ರೋಟೀನ್ ಪುಡಿ, ಆ್ಯಂಟಿಬಯೋಟಿಕ್, ಹೋಗಿಬರೋ ಆ್ಯಂಬುಲೆನ್ಸ್. ಸೊಂಟದ ಆಪರೇಷನ್ನಿಗಿಂತ ಹುಣ್ಣಿಗೇ ಜಾಸ್ತಿ ಹೋಯ್ತು.

ಫೈಲ್ ತೆಗೆಸಿ ನೋಡಿದೆ. ಬ್ರೇಡನ್ ಸ್ಕೋರ್ ಅಂತ ಒಂದಿದೆ, 1987ರಿಂದ ಬಳಕೆಯಲ್ಲಿದೆ. 6ರಿಂದ 23ರವರೆಗೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಿನ ಅಪಾಯ. ಅಮ್ಮನಿಗೆ 20 ಬರೆದಿದ್ದರು. ಹಾಸಿಗೆ ಬಿಟ್ಟು ಏಳದವರು, ಡೈಪರ್ ಹಾಕಿದವರು, ಅವರಿಗೆ 20 ಹೇಗೆ ಬರುತ್ತೆ ಹೇಳಿ? ಆಫೀಸಿನಲ್ಲಿ ಕೂತು ತುಂಬಿಸಿದ ಫಾರಂ ಅದು.

ಈಗ ನಮ್ಮನೇಲಿ ಹಾಸಿಗೆ ಪಕ್ಕ ಹಾಳೆ ಅಂಟಿಸಿದ್ದೀನಿ. ಎಡ, ಬೆನ್ನು, ಬಲ, ಟೈಮು, ಸಹಿ. ಎರಡು ಗಂಟೆಗೊಮ್ಮೆ. ಪೂರ್ತಿ ಪಕ್ಕಕ್ಕೆ ಮಲಗಿಸೋ ಹಾಗಿಲ್ಲ, 30 ಡಿಗ್ರಿ ಓರೆ ಸಾಕು. ದಿಂಬು ಮೀನಖಂಡದ ಕೆಳಗೆ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಲೆ ಕ್ಯಾಮೆರಾ. ಕ್ಯಾಮೆರಾ ಇಲ್ಲದೆ ಯಾರನ್ನೂ ಇಡಬೇಡಿ.

ಲೆಕ್ಕದವನು
ಮೇಡಂ ಹೇಳಿದ್ದನ್ನೆಲ್ಲ ಓದಿದೆ. ಏಜೆನ್ಸಿಗೆ ಹೋಗಿದ್ದೇ ತಪ್ಪು. ನಾನು ಬಿಲ್ಲುಗಳನ್ನೆಲ್ಲ ಕೂಡಿ ಇಟ್ಟಿದ್ದೀನಿ, ಕೇಳಿ. ಮೊದಲು ರಿಜಿಸ್ಟ್ರೇಷನ್ ಫೀಸು, ವಾಪಸ್ ಇಲ್ಲ. ಆಮೇಲೆ ಒಂದು ತಿಂಗಳ ಅಡ್ವಾನ್ಸ್. ಹಬ್ಬ ರಜೆ ದಿನ ಡಬಲ್. ಗ್ಲೌಸ್ ನಾವೇ ತರಬೇಕು, ತರದಿದ್ದರೆ ಅವರು ತಂದು ಒಂದೂವರೆ ಪಟ್ಟು ಹಾಕ್ತಾರೆ. ಅಟೆಂಡರಿಗೆ ಸೇರೋದು ಎಷ್ಟು ಅಂತ ಅವನನ್ನೇ ಕೇಳಿದೆ. ನಾನು ಕಟ್ಟಿದ್ದರಲ್ಲಿ ಮೂರರಲ್ಲಿ ಒಂದು ಪಾಲು ಏಜೆನ್ಸಿಯಲ್ಲೇ ಉಳೀತಿತ್ತು. ಬದಲಿ ಜನ 48 ಗಂಟೆಯೊಳಗೆ ಅಂತ ಒಪ್ಪಂದದಲ್ಲಿತ್ತು. ಹುಡುಗ ಊರಿಗೆ ಹೋದ, ವಾರ ಕಳೆದರೂ ಯಾರೂ ಬರಲಿಲ್ಲ. ಆಮೇಲೆ ಬಂದವನಿಗೆ ನಮ್ಮಪ್ಪನಿಗೆ ಯಾವ ಮಾತ್ರೆ ಅಂತಲೇ ಗೊತ್ತಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದರೆ 'ನೋಟಿಸ್ ಪೀರಿಯಡ್' ಅಂದರು. ಅವರು ಜನ ಕಳಿಸದಿದ್ದಕ್ಕೆ ನಾನು ನೋಟಿಸ್ ಕೊಡಬೇಕಂತೆ!

ಅಲ್ಲಿಗೆ ಸಾಕಾಗಿ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನನ್ನೇ ನೇರವಾಗಿ ಇಟ್ಟುಕೊಂಡೆ. ಸಂಬಳ ಅವನ ಕೈಗೆ. ಅಪ್ಪನ ಟ್ಯೂಬ್ ಅವನೇ ನೋಡ್ತಾನೆ. ಸಿರಿಂಜಿನಲ್ಲಿ ಗಾಳಿ ಬಿಟ್ಟು, ಹೊಟ್ಟೆ ಮೇಲೆ ಸ್ಟೆತ್ ಇಟ್ಟು, ಸದ್ದು ಕೇಳಿಯೇ ಫೀಡ್ ಕೊಡೋದು. ಯಾವ ಸರ್ಟಿಫಿಕೇಟೂ ಇಲ್ಲ ಅವನಿಗೆ.

ಹಳೇಸಿಸ್ಟರ್
ಸರ್, ಸ್ವಲ್ಪ ನಿಲ್ಲಿ. ಆ ಗಾಳಿ ಬಿಟ್ಟು ಕೇಳೋದನ್ನು ನಂಬಬೇಡಿ ಅಂತ ಬ್ರಿಟನ್‌ನಲ್ಲಿ 2005ರಲ್ಲೇ ಎಲ್ಲಾ ಆಸ್ಪತ್ರೆಗಳಿಗೂ ಎಚ್ಚರಿಕೆ ಹೋಗಿದೆ. ಟ್ಯೂಬ್ ಶ್ವಾಸಕೋಶದಲ್ಲಿ ಇದ್ದರೂ ಹಾಗೇ ಸದ್ದು ಬರಬಹುದು. ಟ್ಯೂಬಿನಿಂದ ಸ್ವಲ್ಪ ರಸ ಎಳೆದು, ಆಮ್ಲ ಎಷ್ಟಿದೆ ಅಂತ ತೋರಿಸೋ ಪಿಎಚ್ ಪಟ್ಟಿಯಲ್ಲಿ ನೋಡಬೇಕು. 5.5 ಅಥವಾ ಕಡಿಮೆ ಇದ್ದರೆ ಹೊಟ್ಟೆಯಲ್ಲಿದೆ ಅಂತ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಯಾವ ನಂಬರು ಕಾಣುತ್ತೆ ಅಂತ ಬರೆದಿಡಬೇಕು. ನಂಬರ್ ಬದಲಾಗಿದ್ದರೆ ಫೀಡ್ ನಿಲ್ಲಿಸಿ ಫೋನ್ ಮಾಡಬೇಕು. ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಕೊಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಇರಬೇಕು. ನಿಮ್ಮ ಹುಡುಗ ಒಳ್ಳೆಯವನೇ ಇರಬಹುದು. ಇವತ್ತಿನವರೆಗೆ ಏನೂ ಆಗಿಲ್ಲ ಅನ್ನೋದು ಅವನಿಗೆ ಕೆಲಸ ಬರುತ್ತೆ ಅನ್ನೋದಕ್ಕೆ ಸಾಕ್ಷಿ ಆಗಲ್ಲ.

ನೇರವಾಗಿ ಇಟ್ಟುಕೊಂಡ ಇನ್ನೊಂದು ಮನೆ ಹೇಳ್ತೀನಿ. ನಾನು ಡ್ರೆಸಿಂಗಿಗೆ ಹೋಗುತ್ತಿದ್ದ ಮನೆ. ಇನ್ಸುಲಿನ್ ಬಾಟಲಿ 100ರದ್ದು, ಅಂದರೆ ಒಂದು ಎಂಎಲ್‌ಗೆ 100 ಯೂನಿಟ್; ಡಬ್ಬದಲ್ಲಿ ಉಳಿದಿದ್ದ ಸಿರಿಂಜ್ ಎಂಎಲ್‌ಗೆ 40 ಯೂನಿಟ್ ಲೆಕ್ಕದ್ದು. ಹುಡುಗ 10ರ ಗೆರೆವರೆಗೆ ಎಳೆದು ಕೊಡುತ್ತಿದ್ದ. ಒಳಗೆ ಹೋಗುತ್ತಿದ್ದದ್ದು 25 ಯೂನಿಟ್! ಶುಗರ್ 70ಕ್ಕಿಂತ ಇಳಿದರೇ ಕಡಿಮೆ ಅಂತ ಲೆಕ್ಕ, ನಾನು ಹೋದಾಗ ಅಜ್ಜಿಯದು ಅದರ ಅರ್ಧ ಇತ್ತು. ಮೈಯೆಲ್ಲ ಬೆವರು, ಕರೆದರೆ ಓ ಅನ್ನಲಿಲ್ಲ. ಮನೆಯವರು ನಿದ್ದೆ ಬಂದಿದೆ ಅಂದುಕೊಂಡಿದ್ದರು. ಎಸ್‌ಆರ್, ಎಕ್ಸ್‌ಆರ್ ಅಂತ ಬರೆದ ಮಾತ್ರೆಗಳನ್ನೂ ಪುಡಿ ಮಾಡಿ ಟ್ಯೂಬಿಗೆ ಬಿಡುತ್ತಿದ್ದ. ದಿನವಿಡೀ ನಿಧಾನವಾಗಿ ಇಳೀಬೇಕಾದ ಔಷಧಿ ಒಂದೇ ಸಲ ಹೋಗುತ್ತೆ. ಕೇಳೋರು ಯಾರು? ಮೇಲೆ ಯಾರೂ ಇಲ್ವಲ್ಲ.

ಲೆಕ್ಕದವನು
ಸಿಸ್ಟರ್, ನಿಮ್ಮ ಮಾತಿನ ಅರ್ಥ ನರ್ಸ್ ಬಿಟ್ಟರೆ ಬೇರೆಯವರು ಮನುಷ್ಯರೇ ಅಲ್ಲ ಅಂತ. ಏಜೆನ್ಸಿ ನರ್ಸ್ ಒಬ್ಬರು ನಮ್ಮನೆಗೂ ಬಂದಿದ್ದರು. ಯೂರಿನ್ ಬ್ಯಾಗನ್ನು ಎತ್ತಿ ಹೊಟ್ಟೆ ಮೇಲಿಟ್ಟು ಶೀಟ್ ಬದಲಾಯಿಸಿದರು. ಮೂತ್ರ ವಾಪಸ್ ಒಳಗೆ ಹೋಗುತ್ತೆ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆಮೇಲೆ ಜ್ವರ ಬಂತು, ಕಲ್ಚರ್, ಇಂಜೆಕ್ಷನ್, ಅಡ್ಮಿಷನ್. ಆ ಬಿಲ್ಲೂ ನನ್ನ ಹತ್ತಿರ ಇದೆ. ತೋರಿಸಲಾ?

ಹಳೇಸಿಸ್ಟರ್
ತೋರಿಸಿ. ಬ್ಯಾಗು ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೂ ತಾಗಬಾರದು ಅನ್ನೋದನ್ನು ನಾನೇನು ಇಲ್ಲ ಅಂದೆನಾ? ಪಿಎಚ್ ಪಟ್ಟಿ ತಂದಿರಾ ಇಲ್ವಾ, ಅದು ಹೇಳಿ ಮೊದಲು.

ನೈಟ್‌ಡ್ಯೂಟಿ
ಎಲ್ಲಾ ಓದಿದೆ. ನಾನು ಅಟೆಂಡರ್. ಇಲ್ಲಿ ನೀವೆಲ್ಲ ಹುಡುಗ, ಹುಡುಗಿ ಅಂತ ಬರೀತಿದ್ದೀರಲ್ಲ, ಆ ಜಾತಿಯವಳು. ನನಗೆ ಮೊಮ್ಮಗ ಇದ್ದಾನೆ.

ಎರಡು ಗಂಟೆಗೊಮ್ಮೆ ತಿರುಗಿಸಬೇಕು ಅಂತೀರಿ, ಸರಿ. ಆದರೆ 24 ಗಂಟೆಗೂ ಒಬ್ಬಳೇ ಅಂತೀರಿ. ರಾತ್ರಿ 10, 12, 2, 4, 6. ಮಧ್ಯದಲ್ಲಿ ಡೈಪರ್, ಮಧ್ಯದಲ್ಲಿ ಕೆಮ್ಮು. ನಾನು ಮಲಗೋದು ಯಾವಾಗ? ದೊಡ್ಡಮಗಳು ಅಕ್ಕಾವ್ರೆ, ನಿಮ್ಮ ಹಾಳೆಯಲ್ಲಿ ರಾತ್ರಿ ಸಹಿ ಎಲ್ಲಾ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇದೆಯಾ ನೋಡಿ. ಇದ್ದರೆ ಬೆಳಗ್ಗೆ ಎದ್ದು ಒಟ್ಟಿಗೆ ಹಾಕಿದ್ದು. ಎಲ್ಲಾ ಮನೆಯಲ್ಲೂ ಹಾಗೇ ಆಗುತ್ತೆ.

80 ಕೆಜಿ ಇದ್ದ ಯಜಮಾನರನ್ನು ಒಬ್ಬಳೇ ಕುರ್ಚಿಗೆ ಎತ್ತಿ ಎತ್ತಿ ನನ್ನ ಡಿಸ್ಕ್ ಜಾರಿದೆ. ಮನೆಯಲ್ಲಿ ಎರಡು ಗಂಡುಮಕ್ಕಳಿದ್ದರು. ಕರೆದರೆ 'ನಿಮಗೆ ಅದಕ್ಕೇ ಅಲ್ವಾ ದುಡ್ಡು ಕೊಡೋದು' ಅಂದರು. ಕೆಲಸಗಾರರ ಸುರಕ್ಷತೆ ನೋಡೋ ಅಮೆರಿಕದ ನಯೋಶ್ ಅನ್ನೋ ಸಂಸ್ಥೆ ರೋಗಿಯನ್ನು ಕೈಯಲ್ಲಿ ಎತ್ತೋದಕ್ಕೆ ಹೇಳಿರೋ ಮಿತಿ 35 ಪೌಂಡ್, ಸುಮಾರು 16 ಕೆಜಿ. ಅದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದು, ಮನೆಗಳಲ್ಲಿ ಯಾರೂ ಕೇಳಿಲ್ಲ. ಐಎಲ್‌ಒ, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ 189ನೇ ಒಪ್ಪಂದದಲ್ಲಿ ಮನೆಗೆಲಸದವರಿಗೆ ವಾರಕ್ಕೆ ಕಡೇಪಕ್ಷ 24 ಗಂಟೆ ಒಟ್ಟಿಗೆ ರಜೆ ಇರಬೇಕು ಅಂತಿದೆ. ನನಗೆ ಸಿಕ್ಕಿದ್ದು ತಿಂಗಳಿಗೊಂದು ಮಧ್ಯಾಹ್ನ. ಬೆನ್ನಿನ ಸ್ಕ್ಯಾನಿಗೆ ಏಜೆನ್ಸಿಯವರೂ ಕೊಡಲಿಲ್ಲ, ಮನೆಯವರೂ ಕೊಡಲಿಲ್ಲ. ಕ್ಯಾಮೆರಾ ಮಾತ್ರ ನಾನು ಬಟ್ಟೆ ಬದಲಾಯಿಸೋ ಮೂಲೆಗೂ ತಿರುಗಿತ್ತು.

ದೊಡ್ಡಮಗಳು
ಮನೆಯವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮನೇಲಿ ರಾತ್ರಿಗೆ ಬೇರೆಯವರೇ ಬರ್ತಾರೆ. ಕ್ಯಾಮೆರಾ ಹಾಸಿಗೆ ಕಡೆಗೆ ಮಾತ್ರ ಇದೆ, ಬಂದ ದಿನವೇ ತೋರಿಸಿ ಹೇಳಿದ್ದೀನಿ. ಅಮ್ಮನ ಬೆನ್ನಲ್ಲಿ ಮೂಳೆ ಕಾಣೋ ಹುಣ್ಣು ನೋಡಿದವಳು ನಾನು, ನೀವಲ್ಲ.

ನೈಟ್‌ಡ್ಯೂಟಿ
ಅಂಥ ಹುಣ್ಣು ಎಷ್ಟು ತೊಳೆದಿದ್ದೀನಿ ಅಂತ ನಿಮಗೇನು ಗೊತ್ತು ಅಕ್ಕ.

ಕಿರಿಮಗ
ದಯವಿಟ್ಟು ಜಗಳ ಬೇಡ. ನೈಟ್‌ಡ್ಯೂಟಿ ಅಮ್ಮ ಬರೆದಿದ್ದು ಓದಿ ಎರಡೂ ಕಡೆ ಫೋನ್ ಮಾಡಿದೆ. ರಾತ್ರಿ ಎರಡು ಗಂಟೆಗೆ ಅಪ್ಪನನ್ನು ತಿರುಗಿಸೋರು ಯಾರು ಅಂತ ಕೇಳಿದೆ. ಸರ್ಟಿಫಿಕೇಟಿನವರು 'ನಮ್ಮ ಸ್ಟಾಫ್ ಅಡ್ಜಸ್ಟ್ ಮಾಡ್ಕೋತಾರೆ ಸರ್' ಅಂದರು. ಇನ್ನೊಬ್ಬರು ಎರಡು ಶಿಫ್ಟಾದರೆ ರೇಟು ಇಷ್ಟಾಗುತ್ತೆ ಅಂತ ನೇರವಾಗಿ ಹೇಳಿದರು, ಜಾಸ್ತಿನೇ ಇದೆ. ಬಾಡಿಗೆಗೆ ಮಂಚ ಕೊಡ್ತೀವಿ ಅಂತಲೂ ಅಂದರು. ಮಂಚದ ಬಗ್ಗೆ ಯಾರಿಗಾದರೂ ಗೊತ್ತಾ?

ಮಂಚದಮೂಲೆ
ಗೊತ್ತು. ಚೆನ್ನಾಗಿ ಗೊತ್ತು. ಬಾಡಿಗೆ ಮಂಚದ ಪಕ್ಕದ ಕಂಬಿ ಅಂದರೆ ಸೇಫ್ಟಿ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ನಮ್ಮ ಮಾವನಿಗೆ ಮರೆವಿನ ಕಾಯಿಲೆ. ಕಂಬಿ ಎತ್ತಿಟ್ಟರೆ ಅದನ್ನೇ ಹತ್ತಿ ಇಳಿಯೋಕೆ ಹೋಗಿ ಬಿದ್ದರು. ಸುಮ್ನೆ ಮಂಚದಿಂದ ಜಾರಿದ್ದರೆ ಇಷ್ಟು ಪೆಟ್ಟಾಗುತ್ತಿರಲಿಲ್ಲ. ಇನ್ನೊಂದು ಸಲ ಕಂಬಿಗೂ ಹಾಸಿಗೆಗೂ ಮಧ್ಯೆ ಕುತ್ತಿಗೆ ಸಿಕ್ಕಿಕೊಂಡಿತ್ತು, ಅತ್ತೆ ಎಚ್ಚರವಾಗಿದ್ದರಿಂದ ಉಳಿದರು. ಔಷಧಿ, ವೈದ್ಯಕೀಯ ಉಪಕರಣಗಳನ್ನು ನೋಡೋ ಅಮೆರಿಕದ ಎಫ್‌ಡಿಎ 2006ರಲ್ಲೇ ಈ ಸಂದುಗಳ ಅಳತೆ ಕೊಟ್ಟಿದೆ, ತಲೆ ಹೋಗೋ ಜಾಗದಲ್ಲಿ 120 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ನಾನು ಟೇಪ್ ಹಿಡಿದು ಅಳೆದೆ, 150 ದಾಟಿತ್ತು. ಮಂಚ ಒಂದು ಕಡೆಯದು, ಹಾಸಿಗೆ ಇನ್ನೊಂದು ಕಡೆಯದು. ಬಾಡಿಗೆಯವರು 'ಇದುವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ' ಅಂದರು. ನಾವು ಕಟ್ಟಿದ್ದ ಮುಂಗಡ ವಾಪಸ್ ಕೊಡದೆ ಸತಾಯಿಸಿದರು, ಕಂಬಿ ಬೆಂಡಾಗಿದೆ ಅಂತ ಅರ್ಧ ಹಿಡಿದುಕೊಂಡರು. ಈಗ ಎತ್ತರ ತಗ್ಗೋ ಮಂಚ ಕೊಂಡಿದ್ದೀವಿ. ರಾತ್ರಿ ಪೂರ್ತಿ ಕೆಳಗಿಳಿಸಿ ಪಕ್ಕದಲ್ಲಿ ಮೆತ್ತನೆ ಮ್ಯಾಟ್ ಹಾಕ್ತೀವಿ. ಪಂಪಿನಿಂದ ಗಾಳಿ ತುಂಬೋ ಏರ್‌ಬೆಡ್ ಮಾತ್ರ ಬೇಡವೇ ಬೇಡ. ಅದು ಅಂಚಿನಲ್ಲಿ ಮೆತ್ತಗಾಗಿ ಮನುಷ್ಯ ಕಂಬಿ ಕಡೆ ಜಾರ್ತಾನೆ.

ದೊಡ್ಡಮಗಳು
ಏರ್‌ಬೆಡ್ ಬೇಡ ಅಂತ ಹೇಳೋಕೆ ನೀವು ಯಾರು? ಹುಣ್ಣಿರೋರಿಗೆ ಅದಿಲ್ಲದೆ ಆಗಲ್ಲ. ನಮ್ಮಮ್ಮನಿಗೆ ವಾಸಿಯಾಗಿದ್ದೇ ಅದರಿಂದ.

ಮಂಚದಮೂಲೆ
ಪಂಪಿನಲ್ಲಿ ತೂಕದ ನಾಬ್ ಎಲ್ಲಿಟ್ಟಿದ್ದೀರಿ? ಜನ ಪೂರ್ತಿ ತಿರುಗಿಸಿ ಕಲ್ಲು ಮಾಡಿಟ್ಟಿರ್ತಾರೆ.

ಹಳೇಸಿಸ್ಟರ್
ಇಬ್ಬರೂ ಸುಮ್ಮನಿರಿ. ಕೂರೋ ಭಾಗದ ಕೆಳಗೆ, ಏರ್‌ಬೆಡ್ಡಿನ ಅಡಿಗೆ ಅಂಗೈ ಹಾಕಿ ನೋಡಿ. ಕೈಗೂ ಮೈಗೂ ಮಧ್ಯೆ ಒಂದು ಇಂಚು ಗಾಳಿ ಇರಬೇಕು. ಮೂಳೆ ತಾಗಿದರೆ ಗಾಳಿ ಸಾಲದು. ಏರ್‌ಬೆಡ್ ಇದೆ ಅಂತ ತಿರುಗಿಸೋದು ಬಿಡೋ ಹಾಗೂ ಇಲ್ಲ.

ದೊಡ್ಡಮಗಳು
ಈಗಷ್ಟೇ ಕೈ ಹಾಕಿ ನೋಡಿ ಬಂದೆ. ಒಂದಿಂಚು ಸರಿಯಾಗಿದೆ. ಮಂಚದಮೂಲೆ ಅವರು ಬೇರೆಯವರಿಗೆ ಪಾಠ ಹೇಳೋ ಮುಂಚೆ ಅವರ ಮ್ಯಾಟ್ ಕಾಲಿಗೆ ತೊಡರುತ್ತಾ ನೋಡಿಕೊಳ್ಳಲಿ.

ಲೆಕ್ಕದವನು
ಏರ್‌ಬೆಡ್ ಪಂಪ್ ವಾರಂಟಿ ಮುಗಿದ ತಿಂಗಳೇ ಕೆಡುತ್ತೆ. ಬಿಲ್ ಇದೆ.