ಪದಚರ್ಚೆ: ಏರೋಸಾಲ್‌ಗೆ ‘ತೇಲುಕಣ’ ಎನ್ನಬಹುದೇ? ಜೊತೆಗೆ ಅಚ್ಚು, ಪಡಿಯಚ್ಚು

ಗೆಳೆಯರಿಗೆಲ್ಲ ನಮಸ್ಕಾರ.

ಹಲ್ಲಿನ ಚಿಕಿತ್ಸೆಗೆ ಬಳಸುವ ಸಾಮಗ್ರಿಗಳು ಮತ್ತು ಕೊರೊನಾ ಕಾಲದ ಸೋಂಕು ತಡೆ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದು ದಂತ ವೈದ್ಯಕೀಯ ಓದುತ್ತಿರುವ ಮಕ್ಕಳು, ಕ್ಲಿನಿಕ್ಕಿನ ಸಹಾಯಕರು, ಆಶಾ ಕಾರ್ಯಕರ್ತೆಯರು ಇದನ್ನು ಓದಬೇಕು ಅನ್ನೋದು ಆಸೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ಅದರಲ್ಲಿ ಮುಖ್ಯವಾದದ್ದು ‘ಏರೋಸಾಲ್’.

ಮೊದಲು ಸಂದರ್ಭ ಹೇಳುತ್ತೇನೆ. ಹಲ್ಲು ಕೊರೆಯುವ ಏರ್‌ರೋಟರ್ ನಿಮಿಷಕ್ಕೆ ಮೂರರಿಂದ ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಆ ವೇಗಕ್ಕೆ ಹಲ್ಲು ಬಿಸಿಯಾಗುತ್ತದೆ. ಅದನ್ನು ತಣ್ಣಗಿಡಲು ತುದಿಯಿಂದ ನೀರು ಚಿಮ್ಮುತ್ತಲೇ ಇರಬೇಕು. ಆ ನೀರಿನ ಜೊತೆ ರೋಗಿಯ ಜೊಲ್ಲು, ಕೆಲವು ಸಲ ರಕ್ತ, ಹಲ್ಲಿನ ಪುಡಿ, ಹಳೆಯ ಫಿಲ್ಲಿಂಗಿನ ಪುಡಿ ಎಲ್ಲ ಸೇರಿ ಬಾಯಿಂದ ಹೊರಗೆ ಬರುತ್ತದೆ. ದಪ್ಪನೆಯವು ಡಾಕ್ಟರ ಮುಖಕ್ಕೆ, ಕನ್ನಡಕಕ್ಕೆ ರಪ್ಪನೆ ಹೊಡೆಯುತ್ತವೆ. ಕೆಲವು ಸ್ವಲ್ಪ ದೂರ ಹಾರಿ ನೆಲಕ್ಕೋ ಮೇಜಿಗೋ ಬೀಳುತ್ತವೆ. ತೀರ ಸಣ್ಣವು ಬೇಗ ಬೀಳುವುದಿಲ್ಲ, ಕೋಣೆಯ ಗಾಳಿಯಲ್ಲೇ ಸುತ್ತಾಡುತ್ತಿರುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಕ್ರಮವಾಗಿ ಸ್ಪ್ಯಾಟರ್, ಡ್ರಾಪ್ಲೆಟ್, ಏರೋಸಾಲ್ ಎಂದು ಮೂರು ಹೆಸರುಗಳಿವೆ. ಕನ್ನಡದಲ್ಲಿ ನಾನು ಓದಿದ ಬರಹಗಳಲ್ಲಿ ಮೂರಕ್ಕೂ ‘ಹನಿ’, ‘ತುಂತುರು’, ‘ಎಂಜಲಿನ ಹನಿ’ ಎಂದು ಅದಲುಬದಲಾಗಿ ಬರೆದಿದ್ದಾರೆ.

ಇದು ಸುಮ್ನೆ ಪದದ ಮಡಿವಂತಿಕೆ ಅಲ್ಲ. ಬೀಳುವ ಹನಿಯೇ ಅಪಾಯ ಎಂದು ತಿಳಿದವರು ಮೇಜು ಒರೆಸುತ್ತಾರೆ, ದೂರ ನಿಲ್ಲುತ್ತಾರೆ, ಅಲ್ಲಿಗೆ ಬಿಡುತ್ತಾರೆ. ತೇಲುವುದೂ ಇದೆ ಎಂದು ಗೊತ್ತಾದರೆ ಕಿಟಕಿ ತೆರೆಯುತ್ತಾರೆ, ಎನ್-95 ಹಾಕಿಕೊಳ್ಳುತ್ತಾರೆ, ಒಬ್ಬ ರೋಗಿ ಹೋದ ಮೇಲೆ ಕೋಣೆಗೆ ಗಾಳಿಯಾಡಲು ಸಮಯ ಕೊಡುತ್ತಾರೆ. 2020ರ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಹರಡಿರುವ ಕಡೆ ತುರ್ತಲ್ಲದ ಹಲ್ಲಿನ ಚಿಕಿತ್ಸೆಯನ್ನು ಮುಂದೂಡಿ ಎಂದು ಸಲಹೆ ಕೊಟ್ಟಿದ್ದಕ್ಕೂ ಈ ತೇಲುವ ಕಣಗಳ ಭಯವೇ ದೊಡ್ಡ ಕಾರಣ.

ಇಂಗ್ಲಿಷಿನಲ್ಲೂ ಈ ಪದಗಳು ಗಟ್ಟಿಯಾಗಿ ನಿಂತಿರಲಿಲ್ಲ. 1969ರಲ್ಲಿ ಮಿಸಿಕ್ ಎಂಬ ಸಂಶೋಧಕ ಮತ್ತು ಜೊತೆಗಾರರು ಹಲ್ಲಿನ ಚಿಕಿತ್ಸೆಯ ಮಟ್ಟಿಗೆ 50 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣದ್ದು ಏರೋಸಾಲ್, ದೊಡ್ಡದ್ದು ಸ್ಪ್ಲ್ಯಾಟರ್ (ಸ್ಪ್ಯಾಟರ್‌ನ ಇನ್ನೊಂದು ರೂಪ) ಎಂದು ಗೆರೆ ಎಳೆದರು. ಸಾರ್ವಜನಿಕ ಆರೋಗ್ಯದವರ ಗೆರೆ ಬೇರೆ ಇತ್ತು, 5 ಮೈಕ್ರಾನ್. ಒಂದೇ ಕಣ ಹಲ್ಲಿನ ಡಾಕ್ಟರರಿಗೆ ಏರೋಸಾಲ್, ಸಾಂಕ್ರಾಮಿಕ ರೋಗದವರಿಗೆ ಡ್ರಾಪ್ಲೆಟ್! ಇದಕ್ಕೂ ಮೊದಲು, 1934ರಲ್ಲೇ ವಿಲಿಯಂ ವೆಲ್ಸ್ ಎಂಬ ಅಮೆರಿಕದ ಸಂಶೋಧಕ ಲೆಕ್ಕ ಹಾಕಿ ತೋರಿಸಿದ್ದರು. ಸುಮಾರು 100 ಮೈಕ್ರಾನಿಗಿಂತ ದಪ್ಪನೆಯ ಹನಿ ಒಣಗುವ ಮೊದಲೇ ನೆಲಕ್ಕೆ ಬೀಳುತ್ತದೆ, ಅದಕ್ಕಿಂತ ಸಣ್ಣದ್ದು ಬೀಳುವ ಮೊದಲೇ ಒಣಗಿ ಗಾಳಿಯಲ್ಲಿ ಉಳಿಯುತ್ತದೆ ಎಂದು. ಆ ಒಣಗಿದ ಉಳಿಕೆಗೆ ಅವರು ಕೊಟ್ಟ ‘ಡ್ರಾಪ್ಲೆಟ್ ನ್ಯೂಕ್ಲಿಯಸ್’ ಎಂಬ ಹೆಸರನ್ನು ‘ಹನಿಬೀಜ’ ಎಂದು ಕನ್ನಡಕ್ಕೆ ತರಬಹುದು ಅನ್ನಿಸುತ್ತದೆ. ನೀರು ಆರಿದರೂ ಉಪ್ಪು, ಪ್ರೋಟೀನು, ವೈರಸ್ಸು ಅದರಲ್ಲಿ ಉಳಿದಿರುತ್ತವೆ.

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಟ್ವೀಟ್ ಮಾಡಿತ್ತು. ಅದೇ ಜುಲೈನಲ್ಲಿ 239 ವಿಜ್ಞಾನಿಗಳು ಅದಕ್ಕೆ ಎದುರಾಗಿ ಬಹಿರಂಗ ಪತ್ರ ಬರೆದರು. ಕೊನೆಗೆ 2024ರ ಏಪ್ರಿಲಿನಲ್ಲಿ ಸಂಸ್ಥೆಯೇ ಪದಗಳ ಬಗ್ಗೆ ಒಂದು ವರದಿ ತಂದು, ಇಷ್ಟು ಮೈಕ್ರಾನಿಗೆ ಡ್ರಾಪ್ಲೆಟ್, ಅಷ್ಟಕ್ಕೆ ಏರೋಸಾಲ್ ಎಂಬ ಗೆರೆಯನ್ನೇ ಬಿಟ್ಟಿತು. ಈಗ ಎಲ್ಲಕ್ಕೂ ಸೇರಿಸಿ ಒಂದೇ ಹೆಸರು, ‘ಇನ್ಫೆಕ್ಷಿಯಸ್ ರೆಸ್ಪಿರೇಟರಿ ಪಾರ್ಟಿಕಲ್ಸ್’. ಕನ್ನಡದಲ್ಲಿ ‘ಉಸಿರಿನ ಸೋಂಕುಕಣ’ ಅಂದರೆ ಹತ್ತಿರವಾಗಬಹುದು.

ಇದರಿಂದ ನನಗೆ ಒಂದು ವಿಷಯ ಖಚಿತವಾಯಿತು. ಅಳತೆಯನ್ನು ಹಿಡಿದು ಪದ ಕಟ್ಟಿದರೆ ಅದು ಬಾಳುವುದಿಲ್ಲ. ಕಣ ಏನು ಮಾಡುತ್ತದೆ ಎಂಬುದನ್ನು ಹಿಡಿದು ಕಟ್ಟಬೇಕು. ಎರಚುತ್ತದೆಯೋ, ಬೀಳುತ್ತದೆಯೋ, ತೇಲುತ್ತದೆಯೋ? ಕೆಲಸ ಹೇಳುವ ಇಂಥ ಕ್ರಿಯಾಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ.

ಈಗಿರುವ ಪದಗಳು ಯಾಕೆ ಸಾಲುವುದಿಲ್ಲ ಎಂದು ಹೇಳುತ್ತೇನೆ.

‘ತುಂತುರು’ ಕೇಳಿದರೆ ರೈತರ ಮನೆಯ ಹುಡುಗನಿಗೆ ತುಂತುರು ನೀರಾವರಿ ನೆನಪಾಗುತ್ತದೆ. ಅಲ್ಲಿ ನೀರು ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ಬೀಳುತ್ತದೆ, ಬೀಳಬೇಕು ಕೂಡ. ನಾವು ಹೇಳಬೇಕಾದದ್ದು ಕಾಣದ್ದನ್ನು, ಬೀಳದ್ದನ್ನು. ‘ಮಂಜು’ ಗುಣದಲ್ಲಿ ಹತ್ತಿರವಿದೆ. ಆದರೆ ಆಸ್ಪತ್ರೆಯಲ್ಲಿ ಮಂಜು ಅಂದರೆ ಕಣ್ಣಿನ ಪೊರೆ ಎಂದೂ ಆಗುತ್ತದೆ. ‘ಹಬೆ’ಯಂತೂ ಆಗುವುದೇ ಇಲ್ಲ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ‘ಹಬೆ ತಗೊಳ್ಳಿ’ ಅನ್ನೋದು ಮದ್ದಿನ ಮಾತಾಗಿತ್ತು. ಅದನ್ನೇ ಅಪಾಯದ ಹೆಸರು ಮಾಡಿದರೆ ಗೊಂದಲ.

‘ಎಂಜಲಿನ ಹನಿ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ಜನರಿಗೆ ತಟ್ಟನೆ ಅರ್ಥವಾಗುವ ಮಾತು. ಎಂಜಲಿನ ಬಗ್ಗೆ ನಮಗೆ ಹುಟ್ಟಿನಿಂದಲೇ ಒಂದು ಎಚ್ಚರ ಇದೆ. ಉಗುಳಬೇಡಿ, ಕೆಮ್ಮುವಾಗ ಬಾಯಿ ಮುಚ್ಚಿ ಎಂದು ಹೇಳುವುದಕ್ಕೆ ಈ ಪದ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕಣ್ಣಿಗೆ ಎಂಜಲು ಕಾಣದಿದ್ದರೆ ಭಯವಿಲ್ಲ ಎಂಬ ಭಾವನೆಯನ್ನೂ ಅದು ಕೊಡುತ್ತದೆ. ಸುಮ್ಮನೆ ಮಾತಾಡಿದರೂ ಉಸಿರಾಡಿದರೂ ಕಣಗಳು ಬರುತ್ತವಲ್ಲ! ಹಲ್ಲಿನ ಚಿಕಿತ್ಸೆಯಲ್ಲಿ ಇನ್ನೊಂದು ತೊಡಕಿದೆ. 2021ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ 28 ರೋಗಿಗಳ ಚಿಕಿತ್ಸೆಯ ವೇಳೆ ಹೊರಬಂದ ಕಣಗಳನ್ನು ಹಿಡಿದು, ಅವುಗಳಲ್ಲಿದ್ದ ಸೂಕ್ಷ್ಮಜೀವಿಗಳು ಎಲ್ಲಿಂದ ಬಂದವು ಎಂದು ನೋಡಿತು. ಹೆಚ್ಚಿನವು ಯಂತ್ರದ ನೀರಿನಿಂದ ಬಂದಿದ್ದವು, ಜೊಲ್ಲಿನ ಪಾಲು ಕಡಿಮೆ ಇತ್ತು. ಹಾಗಿರುವಾಗ ಎಲ್ಲವನ್ನೂ ಎಂಜಲು ಎಂದು ಕರೆದರೆ ಮೂಲವನ್ನೇ ತಪ್ಪಾಗಿ ಹೇಳಿದಂತೆ. ರೋಗಿಗಳು ಹಲ್ಲಿನ ಆಸ್ಪತ್ರೆಗೆ ಬರಲು ಹೆದರಿ ಹುಳುಕು ಹಲ್ಲನ್ನು ಹಾಗೇ ಬಿಟ್ಟುಕೊಂಡ ಆ ದಿನಗಳಲ್ಲಿ, ಈ ವ್ಯತ್ಯಾಸವನ್ನು ಅವರಿಗೆ ಸರಿಯಾದ ಮಾತಿನಲ್ಲಿ ಹೇಳಬೇಕಿತ್ತು.

ಸಾಮಗ್ರಿ ಸಂಶೋಧನೆಯ ಕಡೆಯಿಂದ ನೋಡಿದರೆ ‘ಹನಿ’ಯೂ ಬಿದ್ದುಹೋಗುತ್ತದೆ. ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂದರೆ ಕಾಂಪೊಸಿಟ್, ಪ್ಲಾಸ್ಟಿಕ್ಕಿನಂಥ ರೆಸಿನ್ ಮತ್ತು ಗಾಜು ಅಥವಾ ಸಿಲಿಕಾ ಪುಡಿಯ ಮಿಶ್ರಣ. ಹಳೆಯ ಕಾಂಪೊಸಿಟ್ ತೆಗೆಯಲು ಅದನ್ನು ಉಜ್ಜಿದಾಗ, ಕೊರೆದಾಗ ಶ್ವಾಸಕೋಶದ ಒಳಗೆ ಹೋಗುವಷ್ಟು ಸಣ್ಣ ದೂಳು ಏಳುತ್ತದೆ. ಅದರಲ್ಲಿ ನ್ಯಾನೊ ಅಳತೆಯ ಕಣಗಳೂ ಇರುತ್ತವೆ. ಇದೂ ಏರೋಸಾಲೇ, ಆದರೆ ಇದರಲ್ಲಿ ಹನಿ ಎಲ್ಲಿದೆ? ರಸಾಯನಶಾಸ್ತ್ರದ ಪ್ರಕಾರವೂ ಅನಿಲದಲ್ಲಿ ಹರಡಿ ನಿಂತ ದ್ರವಕ್ಕೂ ಘನಕ್ಕೂ ಅದೇ ಹೆಸರು. ಹೊಗೆಯೂ ಏರೋಸಾಲ್, ಮಂಜೂ ಏರೋಸಾಲ್. ಶಾಲೆಯ ಪುಸ್ತಕದಲ್ಲಿ ‘ಕಲಿಲ’ (ಕೊಲಾಯ್ಡ್) ಎಂದು ಓದಿದ್ದೇವಲ್ಲ, ಅದರ ಒಂದು ಬಗೆ.

ಹಾಗಾಗಿ ನನ್ನ ಸಲಹೆ: ಸ್ಪ್ಯಾಟರ್‌ಗೆ ‘ಎರಚಲು’, ಡ್ರಾಪ್ಲೆಟ್‌ಗೆ ‘ಹನಿ’, ಏರೋಸಾಲ್‌ಗೆ ‘ತೇಲುಕಣ’.

ಎರಚಲು ಎಲ್ಲರಿಗೂ ಗೊತ್ತಿರುವುದೇ. ಗಾಳಿಮಳೆಗೆ ಜಗುಲಿಯೊಳಗೆ ಹೊಡೆಯುವ ನೀರು. ಚಿಕಿತ್ಸೆಗೆ ಬಂದಿದ್ದ ಒಬ್ಬ ಹಿರಿಯ ಹೆಂಗಸು, ‘ಆ ಮಿಷನ್ ಬಿಟ್ಟಾಗ ಮುಖಕ್ಕೆಲ್ಲ ಎರಚುತ್ತಲ್ಲಪ್ಪಾ’ ಅಂದಿದ್ದರು. ಬಳಸುವವರ ಬಾಯಲ್ಲಿ ಆಗಲೇ ಇರುವ ಪದ, ನಾವು ಹೊಸದಾಗಿ ಕಟ್ಟಬೇಕಾಗಿಲ್ಲ.

ತೇಲುಕಣದ ಬಗ್ಗೆ ಎರಡು ತಕರಾರು ಬರಬಹುದು. ಒಂದು ವ್ಯಾಕರಣದ್ದು. ಸುಡು, ಕಾಡು ಸೇರಿ ಸುಡುಗಾಡು ಆದಂತೆ ಇದು ‘ತೇಲುಗಣ’ ಆಗಬೇಕಲ್ಲವೇ ಎಂದು. ‘ತೇಲುಗಣ್ಣು ಮೇಲುಗಣ್ಣು’ ಎಂಬ ಮಾತಿನಲ್ಲಿ ಹಾಗೇ ಆಗಿದೆ. ಆದರೆ ಇಲ್ಲಿ ಕಕಾರವನ್ನು ಗಕಾರ ಮಾಡಿದರೆ ‘ಗಣ’, ಅಂದರೆ ಗುಂಪು ಎಂಬ ಅರ್ಥ ಬಂದುಬಿಡುತ್ತದೆ. ಕಣ ಸಂಸ್ಕೃತದಿಂದ ಬಂದದ್ದು, ಹಾಗೇ ಬಿಡುವುದು ಮೇಲು ಎಂದು ನನ್ನ ಅಭಿಪ್ರಾಯ. ಇನ್ನೊಂದು, ಅಚ್ಚಗನ್ನಡ ಬೇಕು ಎನ್ನುವವರು ‘ತೇಲುಪುಡಿ’ ಅನ್ನಬಹುದು. ಪುಡಿ ಒಣಗಿದ್ದಕ್ಕೆ ಮಾತ್ರ, ಹನಿ ಒದ್ದೆಗೆ ಮಾತ್ರ. ಕಣ ಎರಡಕ್ಕೂ ಒಪ್ಪುತ್ತದೆ. ಹವಾಮಾನದ ಬಗ್ಗೆ ಬರೆಯುವವರಿಗೂ ಇದೇ ಪದ ಆಗುತ್ತದೆ.

ತೇಲುಕಣ ಒಪ್ಪಿಗೆಯಾದರೆ ಇನ್ನೊಂದು ಕಷ್ಟದ ಪದಗುಚ್ಛವೂ ಸಲೀಸಾಗುತ್ತದೆ. ಕೊರೊನಾ ಕಾಲದ ಎಲ್ಲ ಸೂಚನೆಗಳಲ್ಲೂ ‘ಏರೋಸಾಲ್ ಜನರೇಟಿಂಗ್ ಪ್ರೊಸೀಜರ್’ ಎಂದು ಬರುತ್ತಿತ್ತು. ‘ಏರೋಸಾಲ್ ಉತ್ಪಾದಿಸುವ ಪ್ರಕ್ರಿಯೆ’ ಎಂದು ಬರೆದರೆ ಕಾರ್ಖಾನೆಯ ಮಾತಾಗುತ್ತದೆ. ದೂಳೆಬ್ಬಿಸು ಅನ್ನುವ ಹಾಗೆ ‘ತೇಲುಕಣ ಎಬ್ಬಿಸುವ ಚಿಕಿತ್ಸೆ’ ಎನ್ನಬಹುದು. ಕಣ ಎಬ್ಬಿಸದ ಚಿಕಿತ್ಸೆಯೂ ಇದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತು ಇಲ್ಲದ ಊರುಗಳಿಗಾಗಿ ಶುರುವಾದ ವಿಧಾನ ಅದು. ಹುಳುಕನ್ನು ಕೈಸಾಧನದಿಂದಲೇ ಕೆರೆದು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುತ್ತಾರೆ. ಮಿಷನ್ನೇ ಬೇಡ. ಬಡ ಊರುಗಳಿಗೆಂದು ಬೆಳೆಸಿದ ಈ ವಿಧಾನ 2020ರಲ್ಲಿ ಎಲ್ಲರಿಗೂ ಬೇಕಾಯಿತು. ಈ ಸಿಮೆಂಟನ್ನು ಮತ್ತು ಹುಳುಕು ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನನಗೆ ಇದು ತುಂಬ ಸಂತೋಷ ಕೊಟ್ಟ ಸುದ್ದಿ.

ಇನ್ನು ಎರಡನೆಯ ಪ್ರಶ್ನೆ, ‘ಇಂಪ್ರೆಷನ್’. ಹಲ್ಲು ಕಟ್ಟಿಸಿಕೊಳ್ಳಲು ಬಂದವರು ‘ಅಳತೆ ತಗೊಂಡ್ರು’ ಅನ್ನುತ್ತಾರೆ. ಮಾತಿಗೆ ಇದು ಸಾಕು. ಆದರೆ ಬರೆಯುವಾಗ ಆಲ್ಜಿನೇಟ್ ಎಂಬ ಮೆತ್ತನೆಯ ಸಾಮಗ್ರಿಯನ್ನು ಹಲ್ಲಿಗೆ ಒತ್ತಿ ಬಾಯಿಂದ ತೆಗೆದ ಗುರುತು ಬೇರೆ, ಅದಕ್ಕೆ ಜಿಪ್ಸಮ್ ಹೊಯ್ದು ಮಾಡಿದ ಮಾದರಿ ಬೇರೆ. ‘ಅಚ್ಚು’ ಅಂದರೆ ಎರಡೂ ಆಗುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ನೋಡಿ, ಮರದ ಮಣೆಯೂ ಅಚ್ಚು, ಅದರಲ್ಲಿ ಎದ್ದ ಸಕ್ಕರೆಯ ಗೊಂಬೆಯೂ ಅಚ್ಚು. ಸೋಂಕು ತಡೆಯಲ್ಲಿ ಈ ವ್ಯತ್ಯಾಸ ದೊಡ್ಡದು. ಬಾಯಿಂದ ತೆಗೆದದ್ದಕ್ಕೆ ಜೊಲ್ಲು, ರಕ್ತ ಮೆತ್ತಿರುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಸೋಂಕುನಿವಾರಕ ಹಾಕಿಯೇ ಲ್ಯಾಬಿಗೆ ಕಳಿಸಬೇಕು. ಆದರೆ ಆಲ್ಜಿನೇಟನ್ನು ದ್ರಾವಣದಲ್ಲಿ ತುಂಬ ಹೊತ್ತು ಮುಳುಗಿಸಿಟ್ಟರೆ ನೀರು ಕುಡಿದು ಹಿಗ್ಗುತ್ತದೆ, ಹೊರಗಿಟ್ಟರೆ ನೀರು ಬಿಟ್ಟು ಕುಗ್ಗುತ್ತದೆ. ಎರಡರಲ್ಲೂ ಅಳತೆ ಕೆಡುತ್ತದೆ, ಕಟ್ಟಿಸಿದ ಹಲ್ಲು ಕೂರುವುದಿಲ್ಲ. ಸೋಂಕು ಸಾಯಬೇಕು, ಅಳತೆ ಉಳಿಯಬೇಕು. ಈ ಎರಡರ ನಡುವಿನ ದಾರಿ ಹುಡುಕುವುದು ಸಾಮಗ್ರಿ ಸಂಶೋಧಕರ ಹಳೆಯ ಕೆಲಸ. ಬಾಯಿಂದ ತೆಗೆದದ್ದಕ್ಕೆ ‘ಅಚ್ಚು’, ಹೊಯ್ದು ತೆಗೆದದ್ದಕ್ಕೆ ‘ಪಡಿಯಚ್ಚು’ ಎಂದು ಇಟ್ಟುಕೊಳ್ಳೋಣವೇ? ‘ಮಗ ಅಪ್ಪನ ಪಡಿಯಚ್ಚು’ ಅನ್ನುತ್ತೇವಲ್ಲ, ಆ ಅರ್ಥ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಮೂರನೆಯದು ಚಿಕ್ಕದು. ಕಾಂಪೊಸಿಟ್ ಗಟ್ಟಿಯಾಗಲು ಹಾಯಿಸುವ ನೀಲಿ ಬೆಳಕಿನ ‘ಕ್ಯೂರಿಂಗ್ ಲೈಟ್’ ಅನ್ನು ‘ಗುಣಪಡಿಸುವ ಬೆಳಕು’ ಎಂದು ಅನುವಾದಿಸಿದ್ದನ್ನು ನೋಡಿದೆ. ಆರೋಗ್ಯದ ಬರಹದಲ್ಲಿ ಇದು ಅಪಾಯ. ಆ ಬೆಳಕಿಗೆ ರೋಗ ವಾಸಿಮಾಡುವ ಶಕ್ತಿ ಇದೆ ಎಂದು ಯಾರಾದರೂ ನಂಬಬಹುದು. ‘ಗಟ್ಟಿಮಾಡುವ ಬೆಳಕು’ ಸಾಕು ಅನ್ನಿಸುತ್ತದೆ.

ಅವಸರ ಯಾಕೆ ಅಂದರೆ, ಮೊದಲು ಬಂದ ಪದ ಕೂತುಬಿಡುತ್ತದೆ. 2020ರ ಮಾರ್ಚಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ‘ದೈಹಿಕ ಅಂತರ’ ಎನ್ನಿ ಎಂದಿತ್ತು. ನಮ್ಮಲ್ಲಿ ‘ಸಾಮಾಜಿಕ ಅಂತರ’ವೇ ಗೋಡೆ ಗೋಡೆಯ ಮೇಲೆ ಉಳಿಯಿತು. ಜಾತಿಯ ದೂರ ಉಂಡ ನಾಡಿನಲ್ಲಿ ಆ ಪದ ಎಷ್ಟು ನೋಯಿಸುತ್ತದೆ ಎಂದು ಯೋಚಿಸಲು ಸಮಯವೇ ಸಿಗಲಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ಹಿಟ್ಟಿನ ಗಿರಣಿ, ಕಲ್ಲು ಕ್ವಾರಿ, ಮಗ್ಗದ ಮನೆ, ಅಗರಬತ್ತಿ ಹೊಸೆಯುವ ಕಡೆ ಗಾಳಿಯಲ್ಲಿ ನಿಂತೇ ಇರುವ ನುಣ್ಣನೆ ದೂಳಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ಕಲಬುರಗಿ, ಬೀದರ್, ಬಳ್ಳಾರಿ ಕಡೆಯವರು, ಕುಂದಾಪುರ, ಸಿರ್ಸಿ ಕಡೆಯವರು ದಯವಿಟ್ಟು ಬರೆಯಿರಿ. ಎರಚಲಿಗೆ ನಿಮ್ಮಲ್ಲಿ ಬೇರೆ ರೂಪ ಇದ್ದರೆ ಅದನ್ನೂ ತಿಳಿಸಿ. ತೇಲುಕಣಕ್ಕಿಂತ ಒಳ್ಳೆಯದು ಬಾಯಲ್ಲೇ ಇದ್ದರೆ ಅದನ್ನೇ ಕೈಪಿಡಿಗೆ ಹಾಕುತ್ತೇನೆ.